ಪ್ರಶ್ನೋತ್ತರ: ಹಳೇ ಬುಲೆಟ್ ಪ್ರೂಫ್ ಜಾಕೆಟ್ ಕಾವಲಿನವನಿಗೆ ಕೊಡಬಹುದಾ?

(ಉತ್ತರಿಸುವವರು: ಗಣಪತಿ, ಮಡಿಕೇರಿ. ರಕ್ಷಣಾ ಉಡುಪಿನ ಜವಳಿ ಎಂಜಿನಿಯರ್)

ಬೋಪಣ್ಣ, ಪೊನ್ನಂಪೇಟೆ: ಗಣಪತಿ ಅಣ್ಣಾ, ನೆಂಟರು ಕೊಟ್ಟ ಜಾಕೆಟ್ ಅಟ್ಟದಲ್ಲಿ ಬಿದ್ದಿತ್ತು. ಒಳಗಿನ ಗುಂಡು ತಡೆಯುವ ಪ್ಯಾನೆಲ್‌ನ ಮೂಲೆ ಮಡಚಿದೆ, ಲೇಬಲ್ ಅಳಿಸಿದೆ. ರಾತ್ರಿ ಹಂದಿ ಬೇಟೆಯವರು ತೋಟಕ್ಕೆ ನುಗ್ಗುತ್ತಾರೆ. ಕಾವಲಿನ ಹುಡುಗನಿಗೆ ಹಾಕಿಸಲಾ? ಚಾಕುವಿಗೂ ತಡೆಯುತ್ತದಾ?

ಗಣಪತಿ: ಹಾಕಿಸಬೇಡಿ. ಓದಿ ಗಾಬರಿಯಾಯಿತು. ಅದರೊಳಗೆ ಕೆವ್ಲಾರ್‌ನಂಥ ಅರಾಮಿಡ್ (ತುಂಬಾ ಗಟ್ಟಿಯಾದ ಕೃತಕ ನೂಲು) ಬಟ್ಟೆ ಪದರ ಪದರವಾಗಿ ಇರುತ್ತದೆ. ಪಿಸ್ತೂಲ್ ಗುಂಡು ಬಡಿದಾಗ ನೂಲುಗಳು ಹರಿಯದೆ ಪೆಟ್ಟನ್ನು ಅಕ್ಕಪಕ್ಕಕ್ಕೆ ಹಂಚುತ್ತವೆ. ಗುಂಡಿನ ಮೂತಿ ಚಪ್ಪಟೆಯಾಗಿ ಅಲ್ಲೇ ಸಿಕ್ಕಿಬೀಳುತ್ತದೆ. ಆದರೂ ಬಟ್ಟೆ ಒಳಕ್ಕೆ ಉಬ್ಬುತ್ತದೆ. ಅಮೆರಿಕದ ನ್ಯಾಯ ಇಲಾಖೆಯ ಸಂಸ್ಥೆ ಎನ್‌ಐಜೆಯ ಪರೀಕ್ಷೆಯಲ್ಲಿ ಹಿಂದಿಟ್ಟ ಜೇಡಿಮಣ್ಣಿನ ಮೇಲೆ 44 ಮಿ.ಮೀ. ಗುಳಿಯವರೆಗೂ ಪಾಸ್. ಅಷ್ಟಕ್ಕೆ ಪಕ್ಕೆಲುಬು ಮುರಿಯಬಹುದು. ರೈಫಲ್‌ಗೆ ಬಟ್ಟೆ ಸಾಲದು, ಗುಂಡನ್ನು ಒಡೆಯುವ ಸೆರಾಮಿಕ್‌ನಂಥ ಗಟ್ಟಿ ಪ್ಲೇಟ್ ಬೇಕು.

ಚಾಕುವಿನ ಲೆಕ್ಕವೇ ಬೇರೆ. ಚೂಪು ತುದಿ ನೂಲನ್ನು ಸರಿಸಿ ಸಂದಿಯಲ್ಲಿ ಇಳಿಯುತ್ತದೆ, ಅಲಗು ಕತ್ತರಿಸುತ್ತಾ ಹೋಗುತ್ತದೆ. ಅದಕ್ಕೆ ತುಂಬಾ ಒತ್ತಾದ ನೇಯ್ಗೆ, ರಾಳ ಹಿಡಿಸಿದ ಪದರ ಇಲ್ಲವೇ ಲೋಹದ ಬಲೆ ಬೇಕು.

ನಿಮ್ಮದು ಯಾವ ಗುಂಡಿಗೆ ಅಂತ ಹೇಳಬೇಕಾದ ಲೇಬಲ್ಲೇ ಇಲ್ಲ. ತಯಾರಕರು ಸಾಮಾನ್ಯವಾಗಿ 5 ವರ್ಷದ ಗ್ಯಾರಂಟಿ ಕೊಡುತ್ತಾರೆ. ಬಿಸಿಲಿಗೆ ಅರಾಮಿಡ್ ಸೊರಗುತ್ತದೆ, ಒದ್ದೆಯಾದರೆ ತಡೆಯುವ ಶಕ್ತಿ ಇಳಿಯುತ್ತದೆ. ನಮ್ಮ ಮಳೆಗಾಲದ ಅಟ್ಟ ಗೊತ್ತಲ್ವಾ? ಜಾಕೆಟ್ ಇದೆ ಅನ್ನೋ ಧೈರ್ಯಕ್ಕೆ ಹುಡುಗ ಸದ್ದು ಬಂದ ಕಡೆಗೇ ಹೋದರೆ? ತಲೆ, ಕುತ್ತಿಗೆ, ತೊಡೆಗೆ ಏನಿದೆ?

ದೇಚಮ್ಮ: ಒದ್ದೆ ಗೋಣಿಯೊಳಗೆ ರೇಷ್ಮೆ ಸೀರೆ ಮಡಚಿಟ್ಟು ಕಟ್ಟಿಕೊಂಡರೆ ಗುಂಡು ತಾಗಲ್ಲ ಅಂತ ಫಾರ್ವರ್ಡ್ ಬಂದಿದೆ. ನಿಜಾನಾ ಅಣ್ಣ?

ಗಣಪತಿ: ಸುಳ್ಳು. 1890ರ ದಶಕದಲ್ಲಿ ಚಿಕಾಗೋದ ಪಾದ್ರಿ ಕ್ಯಾಸಿಮಿರ್ ಝೆಗ್ಲೆನ್ ರೇಷ್ಮೆಯ ರಕ್ಷಾಕವಚ ಮಾಡಿದ್ದು ಹೌದು. ಅದು ಅದಕ್ಕೆಂದೇ ದಪ್ಪಗೆ ನೇಯ್ದದ್ದು, ಆ ಕಾಲದ ನಿಧಾನದ ಪಿಸ್ತೂಲ್ ಗುಂಡಿಗೆ. ಸೀರೆ ಅಲ್ಲ. ಇದನ್ನು ಯಾರಿಗೂ ಕಳಿಸಬೇಡಿ, ನಂಬಿದವನ ಜೀವ ಹೋಗುತ್ತದೆ.



ಪೂವಯ್ಯ, ನಾಪೋಕ್ಲು: ಜಾಕೆಟ್ ಯಾಕೆ? ಹುಡುಗನ ಕೈಗೆ ಒಂದು ಕೋವಿ ಕೊಡಿ.

ಕಾವೇರಮ್ಮ, ವಿರಾಜಪೇಟೆ: ಮಾವ, ಕೋವಿ ಲೈಸೆನ್ಸ್ ವಿನಾಯಿತಿ ಇರೋದು ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ. ಕಂಡವರ ಕೈಗೆಲ್ಲ ಕೊಡೋ ಹಾಗಿಲ್ಲ.

ಪೂವಯ್ಯ: ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಪೂಜೆ ಮಾಡಿ ಬೆಳೆದವನಿಗೆ ನೀನು ಕಾನೂನು ಹೇಳ್ತೀಯಾ?

ಕಾವೇರಮ್ಮ: ಪೂಜೆ ಬೇರೆ. ಪೊದೆ ಅಲ್ಲಾಡಿತು ಅಂತ ಕತ್ತಲಲ್ಲಿ ಹೊಡೆಯೋದು ಬೇರೆ. ಹಂದಿ ಅಂತ ಮನುಷ್ಯನಿಗೇ ಹೊಡೆದದ್ದು ಆಗಿಲ್ವಾ?

ಪೂವಯ್ಯ: ನಾನು ಹೊಡೆದೆನಾ? ಮಾತು ನೋಡಿ ಆಡು.

ಬಿದ್ದಪ್ಪ: ಜಾಕೆಟ್ ಒಗೆಯಬಹುದಾ ಸರ್?

ಗಣಪತಿ: ಹೊರಕವಚ ಮಾತ್ರ. ಪ್ಯಾನೆಲ್ ಒರೆಸಿ ಸಾಕು. ಬ್ಲೀಚ್ ಬೇಡ.

ರಂಜನ್: ವಾಷಿಂಗ್ ಮಷಿನ್‌ಗೆ ಪ್ಯಾನೆಲ್ ಹಾಕಬಹುದಾ?

ಗಣಪತಿ: ಮೇಲೆ ಓದಿ.

ಬೋಪಣ್ಣ: ಅಣ್ಣಾ, ಒಂದು ಗುಂಡು ಹೊಡೆದು ನೋಡ್ತೇನೆ. ತೂತಾಗದಿದ್ದರೆ ಹಾಕಿಸಲಾ?

ಗಣಪತಿ: ಬೇಡ ಅಂದೆನಲ್ಲ! ಗುಂಡು ಬಿದ್ದ ಕಡೆ ನೂಲು ಆಗಲೇ ಹಾಳಾಗಿರುತ್ತದೆ. ಮುಂದಿನ ಗುಂಡಿಗೆ ಏನು ಭರವಸೆ? ಅವನಿಗೆ ಹೊಳೆಯುವ ಪಟ್ಟಿಯ ಕಿತ್ತಳೆ ಬಣ್ಣದ ಜಾಕೆಟ್ ಕೊಡಿ, ಒಳ್ಳೆ ಟಾರ್ಚ್ ಕೊಡಿ. ಬೇಟೆಯವರ ಸದ್ದು ಕೇಳಿದರೆ ಮನೆಯೊಳಗಿದ್ದು 112ಕ್ಕೆ ಫೋನ್ ಮಾಡಲಿ.

ಪೂವಯ್ಯ: ಪೊಲೀಸರು ಬರೋಷ್ಟರಲ್ಲಿ ಬೆಳಗಾಗುತ್ತದೆ.

ಕಾವೇರಮ್ಮ: ಅದಕ್ಕೆ ಹುಡುಗ ಸಾಯಬೇಕಾ?

ಗಣಪತಿ: ನಿಮ್ಮ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಬೋಪಣ್ಣ, ಆ ಹುಡುಗ ಇವತ್ತು ರಾತ್ರಿ ತೋಟಕ್ಕೆ ಹೋಗ್ತಾನಾ? ಮೊದಲು ಅದು ಹೇಳಿ.