ಸೆಕೆಂಡ್ ಹ್ಯಾಂಡ್ ಮದರ್‌ಬೋರ್ಡ್ ತಗೊಂಡೆ, ಸಾಕೆಟ್ ಪಿನ್ ಬಗ್ಗಿದೆ, ಏನ್ ಮಾಡ್ಲಿ?

ಪ್ರಶ್ನೆ:
ಆನ್‌ಲೈನಲ್ಲಿ ಒಬ್ರ ಹತ್ರ 3,200 ರೂಪಾಯಿಗೆ ಹಳೇ ಎಚ್110 ಬೋರ್ಡ್ ತಗೊಂಡೆ, ಫೋಟೋದಲ್ಲಿ ಪ್ರೊಸೆಸರ್ ಕೂರೋ ಸಾಕೆಟ್ ಮೇಲೆ ಕಪ್ಪು ಕವರ್ ಇತ್ತು ಹಂಗಾಗಿ ಒಳಗೆ ಏನೂ ಕಾಣ್ಲಿಲ್ಲ, ಮನೆಗೆ ಬಂದ್ಮೇಲೆ ತೆಗೆದು ನೋಡಿದ್ರೆ ನಾಲ್ಕೈದು ಪಿನ್ ಬಗ್ಗಿ ಮಲಗಿವೆ. ಆನ್ ಆಗತ್ತೆ, ಆದ್ರೆ ಎರಡ್ರಲ್ಲಿ ಒಂದೇ ರ‍್ಯಾಮ್ ಸ್ಲಾಟ್ ಕೆಲಸ ಮಾಡ್ತಿದೆ. ಮಾರಿದವ್ರು "ಕಳ್ಸೋವಾಗ ಸರಿಯಿತ್ತು" ಅಂತಾರೆ.

ಉತ್ತರ 1:
ಎಚ್110ಲ್ಲಿ ಬರೋ 1151 ಸಾಕೆಟಲ್ಲಿ ಪಿನ್ ಇರೋದು ಬೋರ್ಡಲ್ಲೇ ಗುರು, ಪ್ರೊಸೆಸರ್ ಅಡಿ ಬರೀ ಚುಕ್ಕೆ. ಮೆಮೊರಿ ಕಡೆ ಪಿನ್ ಮುಟ್ಟಿಲ್ಲ ಅಂದ್ರೆ ಆ ಸ್ಲಾಟ್ ರ‍್ಯಾಮ್ ಕಾಣಲ್ಲ, ಸುಮ್ನೆ ಹೊಸ ರ‍್ಯಾಮ್ ತಗೋಬೇಡ. ಕರೆಂಟ್ ತೆಗೆದು ಪ್ರೊಸೆಸರ್ ಬಿಚ್ಚಿ, ಮೊಬೈಲ್ ಝೂಮಲ್ಲಿ ನೋಡ್ಕೊಂಡು ಸಣ್ಣ ಸೂಜೀಲಿ ಒಂಚೂರೊಂಚೂರೇ ಎತ್ತು, ಪಕ್ಕದ ಸಾಲಿಗೆ ಸಮ ಬರ್ಬೇಕು. ಮುರಿದ್ರೆ ಮುಗೀತು, ಸಾಕೆಟ್ ಬದಲಾಯ್ಸೋ ಖರ್ಚಲ್ಲಿ ಇನ್ನೊಂದು ಹಳೇ ಬೋರ್ಡೇ ಬರತ್ತೆ.

ಉತ್ತರ 2:
ತಡೀರಿ, ಸೂಜಿ ಹಚ್ಚೂಕಿಂತ ಮೊದ್ಲ ಫೋಟೋ ತಕ್ಕೊಳ್ರಿ, ಪ್ಯಾಕಿಂಗ್ ಡಬ್ಬಿದೂ ಸೇರ್ಸಿ. ಒಮ್ಮೆ ಕೈ ಹಚ್ಚಿದ್ರ ನೀವ ಬಗ್ಗಿಸೀರಿ ಅಂತಾರ. ಅಂಗಡಿಯವರ ಕಡೆ ತಗೊಂಡಿದ್ರ 1915ಕ್ಕ ಫೋನ್ ಹಚ್ಚಿ ಗ್ರಾಹಕ ದೂರು ಕೊಡಬಹುದು, ಮನಿಯವ್ರು ಹಳೇದು ಮಾರಿದ್ದಾದ್ರ ಅದು ನಡಿಯೂದು ಕಷ್ಟ ಐತಿ.

ಉತ್ತರ 3:
ನಾನೇ, ಪ್ರಶ್ನೆ ಕೇಳಿದವ್ನು. ಫೋಟೋ ಕಳ್ಸಿದ್ಮೇಲೆ ಪುಣ್ಯಾತ್ಮ 800 ವಾಪಸ್ ಹಾಕಿದ್ರು. ಆಮೇಲೆ ಅಮ್ಮನ ಹೊಲಿಗೆ ಡಬ್ಬಿಯಿಂದ ಸೂಜಿ ಎತ್ಕೊಂಡು ಎರಡು ಗಂಟೆ ಕೂತೆ, ಕಣ್ಣು ಉರಿ ಬಂತು, ಆದ್ರೆ 16 ಜಿಬಿ ಪೂರ್ತಿ ತೋರಿಸ್ತಿದೆ! ಪ್ರೊಸೆಸರ್ ಮೇಲಿನ ಕೂಲರ್ ಜಾಸ್ತಿ ಟೈಟ್ ಮಾಡಿದ್ರೆ ಒಂದು ರ‍್ಯಾಮ್ ಮತ್ತೆ ಮಾಯ ಆಗತ್ತೆ, ಅದೊಂದು ನೋಡ್ಬೇಕು.