ಅಪ್‌ಡೇಟ್: ರೆಡ್‌ಕ್ಯಾಪ್ ಫಾರಂನಲ್ಲಿ ಕನ್ನಡ ಕಾಣದ ಸಮಸ್ಯೆ ಬಗೆಹರಿಯಿತು

ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಈಗ ಓದುತ್ತಿರುವವರಿಗೆ: ನಮ್ಮ ಕ್ಲಿನಿಕಲ್ ಟ್ರಯಲ್‌ನ ಫಾರಂಗಳನ್ನು ಎಕ್ಸೆಲ್‌ನಲ್ಲಿ ಬರೆದು, ಸಿಎಸ್‌ವಿ (ಬರೀ ಪಠ್ಯವಿರುವ ಸರಳ ಟೇಬಲ್ ಫೈಲ್) ಮಾಡಿ, ಸಂಶೋಧನೆಯ ಮಾಹಿತಿ ಸಂಗ್ರಹಿಸುವ ವೆಬ್ ಸಾಫ್ಟ್‌ವೇರ್ ಆದ ರೆಡ್‌ಕ್ಯಾಪ್‌ಗೆ ಅಪ್‌ಲೋಡ್ ಮಾಡುತ್ತಿದ್ದೆವು. 'ತಲೆನೋವು ಇದೆಯೇ' ಎಂದಿರಬೇಕಾದ ಕಡೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತಿದ್ದವು.

ಫಾಂಟ್ ಬದಲಿಸಿ ನೋಡಿದೆ, ಏನೂ ಆಗಲಿಲ್ಲ. ಬೇರೆ ಬ್ರೌಸರ್‌ನಲ್ಲೂ ಅದೇ ಕಥೆ. ಕೆಲಸ ಮಾಡಿದ್ದು, ಸೇವ್ ಮಾಡುವಾಗ 'ಸಿಎಸ್‌ವಿ ಯುಟಿಎಫ್-8' ಆರಿಸಿ ಎಂದವರ ಸಲಹೆ. ಯುಟಿಎಫ್-8 ಅಂದರೆ ಕನ್ನಡದಂಥ ಲಿಪಿಗಳನ್ನೂ ಫೈಲಿನಲ್ಲಿ ಉಳಿಸುವ ವಿಧಾನ. ಸುಮ್ನೆ 'ಸಿಎಸ್‌ವಿ' ಅಂತ ಕೊಟ್ಟರೆ ಸೇವ್ ಆಗುವಾಗಲೇ ಕನ್ನಡ ಅಕ್ಷರಗಳು ಹೋಗಿಬಿಡುತ್ತವೆ. ಆ ಫೈಲಿನಿಂದ ಅವನ್ನು ವಾಪಸ್ ತರಲು ಆಗುವುದಿಲ್ಲ. ಮೂಲ ಎಕ್ಸೆಲ್ ಫೈಲನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಇದನ್ನು ಸರಿಮಾಡುವಾಗ ಗೊತ್ತಾದ ಇನ್ನೊಂದು ವಿಷಯ ನನ್ನ ಪ್ರಕಾರ ಇದಕ್ಕಿಂತ ಮುಖ್ಯ. ಆಯ್ಕೆಗಳ ಕಾಲಂನಲ್ಲಿ '1, ಹೌದು | 2, ಇಲ್ಲ' ಎಂದು ಬರೆಯುತ್ತೇವೆ, ಅಲ್ವಾ? ಡೇಟಾಬೇಸ್‌ಗೆ ಹೋಗುವುದು ಆ ನಂಬರ್ ಮಾತ್ರ. ರೋಗಿಗಳ ಮಾಹಿತಿ ಬರಲು ಶುರುವಾದ ಮೇಲೆ ಯಾರಾದರೂ ಶೀಟಿನಲ್ಲಿ '1, ಇಲ್ಲ | 2, ಹೌದು' ಎಂದು ಬದಲಿಸಿದರೆ, ತಲೆನೋವು ಇದೆ ಎಂದಿದ್ದ ರೋಗಿಯ ಹಳೆಯ ಉತ್ತರವೂ 'ಇಲ್ಲ' ಎಂದೇ ಕಾಣುತ್ತದೆ. ಅಡ್ಡಪರಿಣಾಮ ದಾಖಲಿಸುವ ಫಾರಂನಲ್ಲಿ ಹೀಗಾದರೆ ಅದು ರೋಗಿಯ ಸುರಕ್ಷತೆಯ ಪ್ರಶ್ನೆ. ಹೊಸ ಆಯ್ಕೆ ಬೇಕಾದರೆ ಹೊಸ ನಂಬರ್ ಕೊಡಿ, ಹಳೆಯದನ್ನು ಮುಟ್ಟಬೇಡಿ. ವೇರಿಯಬಲ್ ಹೆಸರಿಗೂ (ಡೇಟಾಬೇಸ್‌ನಲ್ಲಿ ಪ್ರತಿ ಪ್ರಶ್ನೆಯನ್ನು ಗುರುತಿಸುವ ಹೆಸರು) ಇದೇ ನಿಯಮ: ಹಳೆಯದನ್ನು ಬದಲಿಸಬೇಡಿ. ಪ್ರಾಜೆಕ್ಟ್ ಪ್ರೊಡಕ್ಷನ್‌ನಲ್ಲಿದ್ದರೆ (ಅಂದರೆ ನಿಜವಾದ ಮಾಹಿತಿ ಸಂಗ್ರಹಿಸುವ ಹಂತದಲ್ಲಿದ್ದರೆ), ಬದಲಾವಣೆ ಒಪ್ಪಿಸುವ ಮೊದಲು ರೆಡ್‌ಕ್ಯಾಪ್ ತೋರಿಸುವ ಬದಲಾವಣೆಗಳ ಪಟ್ಟಿಯನ್ನು ಸಾಲುಸಾಲಾಗಿ ಓದಿ.