‘ದಿ ಡ್ಯುಯೆಲಿಸ್ಟ್ಸ್’ ಸಿನಿಮಾವನ್ನು ಹೇಗೆ ನೋಡಬೇಕು? ನೋಡಿ ಮೆಚ್ಚಿದವರ ಅನುಭವ

ಪ್ರಶ್ನೆ ಕೇಳಿದವರು:
ರಿಡ್ಲಿ ಸ್ಕಾಟ್ ಅವರ ಮೊದಲ ಸಿನಿಮಾ, 1977ರ ‘ದಿ ಡ್ಯುಯೆಲಿಸ್ಟ್ಸ್’ ನೋಡಲೇಬೇಕು ಅಂತ ಗೆಳೆಯರೊಬ್ಬರು ಬೆನ್ನು ಹತ್ತಿದ್ದಾರೆ. ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದೆ. ನೆಪೋಲಿಯನ್ ಕಾಲದ ಇಬ್ಬರು ಅಧಿಕಾರಿಗಳು ಪದೇ ಪದೇ ಕತ್ತಿ ಹಿಡಿದು ಎದುರಾಗುತ್ತಾರೆ. ಯಾಕೆ ಅಂತಲೇ ತಿಳಿಯಲಿಲ್ಲ. ದೊಡ್ಡ ಯುದ್ಧದ ದೃಶ್ಯವೂ ಬರಲಿಲ್ಲ. ಇಷ್ಟಪಟ್ಟವರು ಏನನ್ನು ಗಮನಿಸಿ ನೋಡಿದಿರಿ? ಮೊದಲು ಫ್ರಾನ್ಸ್ ಇತಿಹಾಸ ಓದಿಕೊಳ್ಳಬೇಕಾ?

ಉತ್ತರ:
ಯಾಕೆ ಅಂತ ತಿಳಿಯಲಿಲ್ಲ ಅಂದಿರಲ್ಲ, ಆ ಪ್ರಶ್ನೆಯನ್ನೇ ಹಿಡಿದುಕೊಂಡು ಮತ್ತೆ ನೋಡಿ. ಶುರುವಿನ ಜಗಳ ನಿಜಕ್ಕೂ ಅಷ್ಟೇ ಚಿಕ್ಕದು. 1800ರ ಸ್ಟ್ರಾಸ್‌ಬರ್ಗ್. ಫೆರೋ ಎಂಬ ಹುಸಾರ್, ಅಂದರೆ ಹಗುರ ಕುದುರೆ ದಂಡಿನ ಅಧಿಕಾರಿ, ಊರಿನ ಮೇಯರ್ ಕಡೆಯವನೊಬ್ಬನನ್ನು ಡ್ಯುಯೆಲ್‌ನಲ್ಲಿ, ಅಂದರೆ ಮಾನಕ್ಕಾಗಿ ಇಬ್ಬರೇ ನಿಯಮ ಪ್ರಕಾರ ಆಯುಧ ಹಿಡಿದು ಎದುರಾಗುವ ಕಾಳಗದಲ್ಲಿ, ಇರಿದಿದ್ದಾನೆ. ಅವನನ್ನು ಮನೆಯಲ್ಲೇ ಬಂಧನದಲ್ಲಿಡಬೇಕು ಎಂಬ ಆದೇಶ ಮುಟ್ಟಿಸುವ ಕೆಲಸ ಕಥೆಯ ಇನ್ನೊಬ್ಬ ಅಧಿಕಾರಿ ದ್ಯುಬೇರ್‌ಗೆ ಬರುತ್ತದೆ. ಫೆರೋ ಆಗ ಒಬ್ಬ ಮಹಿಳೆಯ ಮನೆಯಲ್ಲಿ, ಗಣ್ಯರ ನಡುವೆ ಕೂತಿದ್ದಾನೆ. ಅಲ್ಲಿಗೇ ಬಂದು ಕರೆದನಲ್ಲ, ಅದೇ ಅವಮಾನ. ಅದರ ಹಿಂದೆ ಬೇರೇನೂ ಇಲ್ಲ.

ಆದರೆ ಈ ಹಗೆ 1816ರವರೆಗೆ ಎಳೆಯುತ್ತದೆ. ನಡುವೆ ಸೈನ್ಯದವರೆಲ್ಲ ತಮಗೆ ತೋಚಿದ ಕಾರಣ ಕಟ್ಟುತ್ತಾರೆ. ಹೆಣ್ಣಿನ ವಿಷಯ ಇರಬೇಕು, ಯಾವುದೋ ದೊಡ್ಡ ಗುಟ್ಟಿರಬೇಕು ಅಂತ. ಇಬ್ಬರೂ ಬಾಯಿ ಬಿಡುವುದಿಲ್ಲ, ಹಾಗಾಗಿ ಇಬ್ಬರ ಹೆಸರೂ ಬೆಳೆಯುತ್ತದೆ. ಕೊನೆಗೆ ಫೆರೋ ತಾನೇ ಒಂದು ಕಾರಣ ಹುಡುಕಿಕೊಳ್ಳುತ್ತಾನೆ: ದ್ಯುಬೇರ್‌ಗೆ ಚಕ್ರವರ್ತಿಯ ಮೇಲೆ ಎಂದೂ ಪ್ರೀತಿ ಇರಲಿಲ್ಲವಂತೆ. ಜಗಳ ಶುರುವಾದಾಗ ನೆಪೋಲಿಯನ್ ಇನ್ನೂ ಚಕ್ರವರ್ತಿಯೇ ಆಗಿರಲಿಲ್ಲ! ಅವನು ಪಟ್ಟಕ್ಕೆ ಬಂದದ್ದು 1804ರಲ್ಲಿ. ಹಗೆ ಮೊದಲು ಹುಟ್ಟಿತು, ಕಾರಣ ಆಮೇಲೆ ಬಂದು ಸೇರಿತು. ನನಗೆ ಇಡೀ ಸಿನಿಮಾದಲ್ಲಿ ಅತಿ ಭಯಂಕರ ಅನ್ನಿಸಿದ್ದು ಇದೇ. ಯಾವ ಕತ್ತಿಯ ಏಟೂ ಅಷ್ಟು ನಡುಗಿಸಲಿಲ್ಲ.

ರಂಗಭೂಮಿಯಲ್ಲಿ ಕೆಲಸ ಮಾಡುವವರು:
ನಾನು ಹೊಡೆದಾಟಗಳಿಗಾಗಿಯೇ ಮತ್ತೆ ಮತ್ತೆ ನೋಡುತ್ತೇನೆ. ಅವನ್ನು ಕಟ್ಟಿದವರು ವಿಲಿಯಂ ಹಾಬ್ಸ್. ಒಂದು ಡ್ಯುಯೆಲ್ ಇದ್ದ ಹಾಗೆ ಇನ್ನೊಂದು ಇಲ್ಲ. ಒಂದು ಕಡೆ ತೆಳು ಕತ್ತಿ, ನಾಲ್ಕು ಹೆಜ್ಜೆಯಲ್ಲಿ ಎದೆಗೆ ಗಾಯ, ಮುಗಿಯಿತು. ನೆಲಮಾಳಿಗೆಯಲ್ಲಿ ನಡೆಯುವುದನ್ನು ಮಾತ್ರ ತಪ್ಪಿಸಬೇಡಿ. ಅದು ಶುರುವಾಗುವುದನ್ನು ತೋರಿಸುವುದೇ ಇಲ್ಲ. ನಾವು ನೋಡುವ ಹೊತ್ತಿಗೆ ಇಬ್ಬರೂ ರಕ್ತದಲ್ಲಿ ತೊಯ್ದು ಸುಸ್ತಾಗಿರುತ್ತಾರೆ. ಭಾರದ ಕತ್ತಿ, ಎತ್ತಲು ತೋಳಲ್ಲಿ ಬಲವಿಲ್ಲ. ಏದುಸಿರು, ಗೋಡೆಗೆ ಕಬ್ಬಿಣ ಉಜ್ಜುವ ಸದ್ದು. ಕೊನೆಗೆ ಬರಿಗೈಯಲ್ಲಿ ಒಬ್ಬರನ್ನೊಬ್ಬರು ತಬ್ಬಿ ಹಿಡಿದು ಉರುಳುತ್ತಾರೆ. ವೇದಿಕೆ ಮೇಲೆ ಕತ್ತಿವರಸೆ ಅಂದರೆ ಚುರುಕು, ಚಂದ ಅಂತ ಕಲಿತ ನನಗೆ ಇದು ಬೇರೆಯೇ ಪಾಠ.

1806ರ ಲ್ಯೂಬೆಕ್‌ನಲ್ಲಿ ಕುದುರೆ ಮೇಲಿನ ಡ್ಯುಯೆಲ್ ಇದೆ. ಅಲ್ಲಿ ದ್ಯುಬೇರ್ ಪಾತ್ರದ ಕೀತ್ ಕ್ಯಾರಡೀನ್ ಮುಖ ನೋಡಿ. ಕುದುರೆ ಹತ್ತಿ ಕೂತ ಮನುಷ್ಯ ಹೆದರಿ ಬೆವರುತ್ತಿದ್ದಾನೆ. ಹಳೆಯ ಗಾಯಗಳೆಲ್ಲ ಕಣ್ಣ ಮುಂದೆ ಮಿಂಚಿ ಹೋಗುತ್ತವೆ. ಗೆದ್ದ ಮೇಲೆ ಅವನಿಗಾಗುವುದು ಬದುಕಿದೆ ಎಂಬ ಹುಚ್ಚು ಖುಷಿ. ವೀರನಿಗೂ ಭಯ ಇದೆ ಅಂತ ಇಷ್ಟು ಪ್ರಾಮಾಣಿಕವಾಗಿ ತೋರಿಸಿದ ಸಿನಿಮಾ ನಾನು ಬೇರೆ ಕಂಡಿಲ್ಲ. ಫೆರೋ ಪಾತ್ರದ ಹಾರ್ವಿ ಕೈಟೆಲ್‌ಗೆ ಆ ಭಯವೇ ಇಲ್ಲ. ಅದಕ್ಕೇ ಅವನನ್ನು ನೋಡಲು ಕಷ್ಟವಾಗುತ್ತದೆ.

ಪ್ರಶ್ನೆ ಕೇಳಿದವರು:
ಹಾಗಾದರೆ ದ್ಯುಬೇರ್ ಸುಮ್ನೆ ‘ಬರಲ್ಲ’ ಅನ್ನಬಹುದಿತ್ತು, ಅಲ್ವಾ? ಅವನಿಗೆ ಬುದ್ಧಿ ಇದೆ, ಹಟ ಇಲ್ಲ.

ಇತಿಹಾಸ ಪಾಠ ಮಾಡುವವರು:
ಅನ್ನಬಹುದಿತ್ತು, ಆದರೆ ಮಾರನೇ ದಿನದಿಂದ ಆ ರೆಜಿಮೆಂಟಿನಲ್ಲಿ ಅವನ ಜೊತೆ ಊಟಕ್ಕೆ ಕೂರುವವರು ಇರುತ್ತಿರಲಿಲ್ಲ. ಮೇಲಧಿಕಾರಿಗಳು ಡ್ಯುಯೆಲ್ ತಪ್ಪು ಅಂತ ಗದರಿಸುತ್ತಾರೆ, ಹೇಡಿಯನ್ನೂ ಸಹಿಸುವುದಿಲ್ಲ. ಈ ಇಕ್ಕಟ್ಟಿನಲ್ಲಿ ಅವನಿಗೆ ಉಳಿಯುವುದು ಸಂದಿಗೊಂದಿ ಮಾತ್ರ. ಇಬ್ಬರ ದರ್ಜೆ ಬೇರೆಯಾದರೆ ಡ್ಯುಯೆಲ್ ನಡೆಯುವಂತಿಲ್ಲ. ದೇಶ ಯುದ್ಧದಲ್ಲಿದ್ದರೆ ಖಾಸಗಿ ಜಗಳ ಕಾಯಬೇಕು. ಹಾಗಾಗಿ ಬಡ್ತಿ ಸಿಕ್ಕರೆ ಅವನಿಗೆ ನೆಮ್ಮದಿ, ಯುದ್ಧ ಬಂದರೂ ನೆಮ್ಮದಿ! ಫೆರೋಗೂ ಬಡ್ತಿ ಸಿಕ್ಕಿತು ಅಂತ ಕೇಳಿದಾಗ ಅವನ ಮುಖ ಬಾಡುವುದನ್ನು ನೋಡಿ.

ಇತಿಹಾಸ ಜಾಸ್ತಿ ಬೇಕಿಲ್ಲ. 1812ರಲ್ಲಿ ನೆಪೋಲಿಯನ್ ರಷ್ಯಾದಿಂದ ಹಿಮದಲ್ಲಿ ಹಿಂದಿರುಗಿದ, ಸೈನ್ಯ ನುಚ್ಚುನೂರಾಯಿತು. 1814ರಲ್ಲಿ ಪದವಿ ಬಿಟ್ಟ, ರಾಜಮನೆತನ ಮರಳಿತು. 1815ರಲ್ಲಿ ಮತ್ತೆ ಬಂದು ವಾಟರ್‌ಲೂನಲ್ಲಿ ಸೋತ. ಆಮೇಲೆ ಅವನ ಕಡೆಯವರು ರಾಜನ ಕಣ್ಣಿಗೆ ಅಪರಾಧಿಗಳು. ಇಷ್ಟು ಸಾಕು.

ಕಥೆಯ ಮೂಲ ಜೋಸೆಫ್ ಕಾನ್ರಾಡ್ 1908ರಲ್ಲಿ ಪ್ರಕಟಿಸಿದ ನೀಳ್ಗತೆ. ಅದರ ಹಿಂದೆ ನಿಜವಾದ ಇಬ್ಬರು ಅಧಿಕಾರಿಗಳಿದ್ದರು, ದ್ಯುಪೋಂ ಮತ್ತು ಫೂರ್ನಿಯೆ. 1794ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲೇ ಶುರುವಾದ ಅವರ ಹಗೆ ಸುಮಾರು ಇಪ್ಪತ್ತು ವರ್ಷ ನಡೆಯಿತು, ಮೂವತ್ತರಷ್ಟು ಸಲ ಎದುರಾದರು ಅಂತ ಹೇಳುತ್ತಾರೆ. ದ್ಯುಪೋಂ 1808ರಲ್ಲಿ ಸ್ಪೇನಿನ ಬೈಲೆನ್‌ನಲ್ಲಿ ಶರಣಾಗಿ ನೆಪೋಲಿಯನ್‌ನ ಸಿಟ್ಟಿಗೆ ಗುರಿಯಾದ. 1814ರಲ್ಲಿ ರಾಜ ಮರಳಿದಾಗ ಅವನೇ ಯುದ್ಧಮಂತ್ರಿ. ಸಿನಿಮಾದಲ್ಲಿ ದ್ಯುಬೇರ್ ಹೊಸ ರಾಜನ ಸೈನ್ಯಕ್ಕೆ ಸೇರುವುದನ್ನು ನೋಡುವಾಗ ಇದು ನೆನಪಿರಲಿ.

ಫ್ರಾನ್ಸ್‌ನಿಂದ ಒಬ್ಬರು:
ದೊಡ್ಡ ಯುದ್ಧ ಇಲ್ಲ ಅಂದದ್ದಕ್ಕೆ ಒಂದು ಮಾತು. ಖರ್ಚಿಗೆ ಇದ್ದದ್ದು ಸುಮಾರು ಒಂಬತ್ತು ಲಕ್ಷ ಡಾಲರ್ ಅಷ್ಟೇ. ಹಾಗಾಗಿ ಸೈನ್ಯಕ್ಕೆ ಬದಲು ಬೆಳಕನ್ನು ದುಡಿಸಿದ್ದಾರೆ. ಛಾಯಾಗ್ರಾಹಕರು ಫ್ರಾಂಕ್ ಟಿಡಿ. ಕಿಟಕಿಯಿಂದ ಬೀಳುವ ಬೆಳಕು, ಮೇಜಿನ ಮೇಲಿನ ಹಣ್ಣು, ಹೊಲದ ಮಂಜು. ಹಳೆಯ ತೈಲಚಿತ್ರಗಳ ಮುಂದೆ ನಿಂತಂತೆ ಇರುತ್ತದೆ. ಹೆಚ್ಚಿನ ಭಾಗ ಇಲ್ಲಿನ ದೊರ್ದೋನ್ ಕಡೆ, ಸಾರ್ಲಾ ಊರಿನ ಸುತ್ತ ತೆಗೆದದ್ದು. ನಿಜವಾದ ಫೂರ್ನಿಯೆ ಹುಟ್ಟಿದ್ದೂ ಸಾರ್ಲಾದಲ್ಲೇ! ಜೇನು ಬಣ್ಣದ ಕಲ್ಲಿನ ಆ ಓಣಿಗಳಲ್ಲಿ ನಡೆದು ಬಂದ ಮೇಲೆ ಸಿನಿಮಾ ನನಗೆ ಇನ್ನೂ ಹತ್ತಿರವಾಯಿತು. ರಷ್ಯಾದ ಹಿಮ ಮಾತ್ರ ಸ್ಕಾಟ್ಲೆಂಡಿನದು. ಆ ಭಾಗದಲ್ಲಿ ಇಬ್ಬರು ವೈರಿಗಳೂ ರಷ್ಯಾ ಕಡೆಯ ಕೊಸಾಕ್ ಕುದುರೆ ಸವಾರರ ಮೇಲೆ ಒಟ್ಟಿಗೆ ಗುಂಡು ಹಾರಿಸುತ್ತಾರೆ. ಆಮೇಲೆ ದ್ಯುಬೇರ್ ಕುಡಿಯಲು ಬಾಟಲಿ ಚಾಚಿದರೆ ಫೆರೋ ಮುಟ್ಟುವುದಿಲ್ಲ, ಹೊರಟುಬಿಡುತ್ತಾನೆ.

ಮೊದಲ ಉತ್ತರ ಬರೆದವರು:
ಇನ್ನೊಂದು ಮಾತು ಸೇರಿಸುತ್ತೇನೆ. ಇಬ್ಬರು ನಾಯಕರೂ ಅಮೆರಿಕದವರು, ಮಾತಿನ ಧಾಟಿ ಹಾಗೇ ಇದೆ. ಅದು ಕೆಲವರಿಗೆ ಕಿರಿಕಿರಿ. ಸಬ್‌ಟೈಟಲ್ ಹಾಕಿಕೊಂಡರೆ ಬೇಗ ಮರೆತುಹೋಗುತ್ತದೆ. ನೂರು ನಿಮಿಷದ ಸಿನಿಮಾ, ಒಂದೇ ಸಲ ಕೂತು ಪೂರ್ತಿ ನೋಡಿ. ವರ್ಷ, ಊರು ಪರದೆ ಮೇಲೆ ಬಂದಾಗೆಲ್ಲ ಇಬ್ಬರ ಕೂದಲು, ಸಮವಸ್ತ್ರ, ನಡಿಗೆ ಹೇಗೆ ಬದಲಾಗಿದೆ ಅಂತ ಗಮನಿಸಿ. ಪ್ಯಾರಿಸ್ ಭಾಗದಲ್ಲಿ ಪೊಲೀಸ್ ಮಂತ್ರಿ ಫೂಶೆ ಬರುತ್ತಾನೆ, ಪಾತ್ರ ಮಾಡಿದವರು ಆಲ್ಬರ್ಟ್ ಫಿನಿ. ಅಲ್ಲಿ ದ್ಯುಬೇರ್ ಒಂದು ಕೆಲಸ ಮಾಡುತ್ತಾನೆ, ಫೆರೋಗೆ ಗೊತ್ತಾಗದ ಹಾಗೆ. ಅವನ ಮಾನದ ಲೆಕ್ಕ ಏನು ಅಂತ ನನಗೆ ತಿಳಿದದ್ದು ಆ ದೃಶ್ಯದಲ್ಲಿ. ಕೊನೆಯ ಡ್ಯುಯೆಲ್ ಬಗ್ಗೆ ಏನೂ ಹೇಳುವುದಿಲ್ಲ. ನೋಡಿದ ಮೇಲೆ ಬಂದು ಬರೆಯಿರಿ. ದ್ಯುಬೇರ್ ಅಲ್ಲಿ ಮಾಡಿದ್ದು ಕರುಣೆಯೋ ಶಿಕ್ಷೆಯೋ ಅಂತ ನಮ್ಮ ಮನೆಯಲ್ಲಿ ಇನ್ನೂ ವಾದ ಮುಗಿದಿಲ್ಲ. ಶಿಕ್ಷೆ ಅಂತಲೇ ನನ್ನ ಪಕ್ಷ.